ಹದಿಹರೆಯದ ಮಕ್ಕಳ ಜೊತೆ ಚಳಿಗಾಲದ ಬುಡಾಪೆಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಮುಗಿಯುತ್ತಿದ್ದ ಹಾಗೆ ಯುರೋಪಿನಲ್ಲಿರುವ ಕನ್ನಡದ ಮನೆಗಳಲ್ಲಿ ಈ ಮಾತು ಶುರುವಾಗುತ್ತದೆ. ಚಳಿಗಾಲದ ರಜೆ ಬರ್ತಾ ಇದೆ, ಮಕ್ಕಳು ದೊಡ್ಡವರಾಗಿದ್ದಾರೆ, ಅವರಿಗೂ ಇಷ್ಟ ಆಗಬೇಕು, ದುಡ್ಡೂ ಜಾಸ್ತಿ ಆಗಬಾರದು, ಎಲ್ಲಿಗೆ ಹೋಗೋಣ? ಊರಿಂದ ಅಕ್ಕನ ಸಂಸಾರವೋ ಅಣ್ಣನ ಸಂಸಾರವೋ ಬರುವುದಿದ್ದರಂತೂ ದಿನಾ ಫೋನು. ನನ್ನ ಉತ್ತರ ಒಂದೇ: ಬುಡಾಪೆಸ್ಟ್, ನಾಲ್ಕು ರಾತ್ರಿ, ಬೇರೆ ಊರು ಸೇರಿಸಬೇಡಿ. ಯಾಕೆ, ಹೇಗೆ ಅಂತ ಕೇಳುವವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎಲ್ಲ ಬಿಟ್ಟು ಬುಡಾಪೆಸ್ಟೇ ಯಾಕೆ?

ಚಳಿಗಾಲದಲ್ಲಿ ಬಹಳಷ್ಟು ಊರುಗಳು ಮುದುಡಿಕೊಂಡಿರುತ್ತವೆ. ಬುಡಾಪೆಸ್ಟ್ ಹಾಗಲ್ಲ. ಊರಿನ ಕೆಳಗೆ ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ತೆರೆದ ಕೊಳದಲ್ಲಿ ಕುತ್ತಿಗೆವರೆಗೆ ಬಿಸಿನೀರಲ್ಲಿ ಕೂತಿರಬಹುದು. ಅದರ ಪಕ್ಕದಲ್ಲೇ, ವಾರೋಶ್‌ಲಿಗೆಟ್ ಉದ್ಯಾನದ ಕೋಟೆಯ ಎದುರು ದೊಡ್ಡ ಮಂಜಿನ ಅಂಗಳ ಇದೆ, ಸ್ಕೇಟಿಂಗ್ ಮಾಡಬಹುದು. ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ ನಿಜ, ಆದರೆ ಡ್ಯಾನ್ಯೂಬ್ ನದಿಯ ಎರಡೂ ದಡದಲ್ಲಿ ದೀಪ ಹತ್ತಿದ ಮೇಲೆ ಆ ಊರು ನೋಡೋಕೆ ಕಾಸು ಕೊಡಬೇಕಾಗಿಲ್ಲ.

ಇನ್ನೊಂದು ಕಾರಣ ಮಕ್ಕಳ ವಯಸ್ಸು. ಹದಿಮೂರು ಹದಿನಾಲ್ಕು ದಾಟಿದವರನ್ನು ಬೆಳಗಿಂದ ಸಂಜೆವರೆಗೆ ಚರ್ಚು, ಅರಮನೆ ಅಂತ ಸುತ್ತಿಸಿದರೆ ಮುಖ ಊದಿಸಿಕೊಳ್ತಾರೆ. ಈ ಊರಿನಲ್ಲಿ ಅವರು ಕೈ ಹಾಕಿ ಆಡುವಂಥದ್ದು, ಇಳಿದು ಈಜುವಂಥದ್ದು, ತಲೆ ಓಡಿಸುವಂಥದ್ದು ಬೇಕಾದಷ್ಟಿದೆ. ಸ್ವಿಟ್ಜರ್ಲೆಂಡ್ ಚೆಂದವೇ. ಆದರೆ ಚಳಿಗಾಲದಲ್ಲಿ ಅಲ್ಲಿ ಬೆಟ್ಟ ಹತ್ತುವ ರೈಲಿಗೂ ಸ್ಕೀ ಪಾಸಿಗೂ ಕೊಡುವ ದುಡ್ಡಿನಲ್ಲಿ ಇಲ್ಲಿ ಇಡೀ ಪ್ರವಾಸ ಮುಗಿಸಬಹುದು.

ಅಷ್ಟು ದೂರ ಹೋಗಿ ಒಂದೇ ಊರಾ? ವಿಯೆನ್ನಾ, ಪ್ರಾಗ್ ಸೇರಿಸಬಹುದಲ್ಲ?

ಸೇರಿಸಬಹುದು. ನಾನು ಬೇಡ ಅಂತೀನಿ. ದುಡ್ಡು ಸೋರಿ ಹೋಗುವುದು ಊರಿನಲ್ಲಿ ಅಲ್ಲ, ಊರಿಂದ ಊರಿಗೆ ಹೋಗುವಾಗ. ನಾಲ್ಕು ಜನರ ರೈಲು ಟಿಕೆಟ್ ಕೊಳ್ಳಬೇಕು. ಕೋಣೆ ಬಿಡುವ ಹೊತ್ತಿಗೂ ಇನ್ನೊಂದು ಕೋಣೆ ಸಿಗುವ ಹೊತ್ತಿಗೂ ನಡುವೆ ಚಳಿಯಲ್ಲಿ ಪೆಟ್ಟಿಗೆ ಎಳೆದುಕೊಂಡು ಹೋಟೆಲಲ್ಲಿ ಕೂತು ಏನಾದರೂ ತರಿಸಿಕೊಳ್ಳಬೇಕು. ಹೊಸ ಊರಿನ ಬಸ್ ಪಾಸ್ ಬೇರೆ. ಪ್ರತಿ ಸಲ ಅರ್ಧ ದಿನ ಹೋಗುತ್ತದೆ. ಚಳಿಗಾಲದಲ್ಲಿ ಬೆಳಕೇ ಎಂಟು ಒಂಬತ್ತು ಗಂಟೆ ಇರುವಾಗ ಅರ್ಧ ದಿನ ಅಂದರೆ ಇಡೀ ದಿನವೇ ಅಲ್ವಾ?

ಒಂದೇ ಕಡೆ ನಾಲ್ಕು ರಾತ್ರಿ ಉಳಿದರೆ ಎರಡನೇ ದಿನದಿಂದಲೇ ಮಕ್ಕಳಿಗೆ ಟ್ರಾಮ್ ನಂಬರ್ ಬಾಯಿಪಾಠ ಆಗಿರುತ್ತದೆ. ಯಾವ ಅಂಗಡಿಯಲ್ಲಿ ಬಿಸಿ ಬ್ರೆಡ್ ಎಷ್ಟು ಹೊತ್ತಿಗೆ ಬರುತ್ತೆ ಅಂತ ಅವರೇ ಹೇಳ್ತಾರೆ. ಆ ವಯಸ್ಸಿನವರಿಗೆ ಹತ್ತು ಊರು ನೋಡುವುದಕ್ಕಿಂತ ಒಂದು ಊರಲ್ಲಿ ತಾವೇ ದಾರಿ ಕಂಡುಕೊಳ್ಳುವುದರಲ್ಲಿ ಜಾಸ್ತಿ ಖುಷಿ ಇದೆ.

ಯಾವ ತಿಂಗಳಲ್ಲಿ ಅಗ್ಗ?

ಜನವರಿ ಎರಡನೇ ವಾರದಿಂದ ಫೆಬ್ರವರಿ ನಡುವಿನವರೆಗೆ. ಹೊಸ ವರ್ಷದ ಗದ್ದಲ ಮುಗಿದಿರುತ್ತದೆ, ಕೋಣೆ ಬಾಡಿಗೆ ಇಳಿದಿರುತ್ತದೆ. ಆದರೆ ಚಳಿಯೂ ಆಗಲೇ ಜಾಸ್ತಿ. ಹಗಲಲ್ಲಿ ಎರಡು ಮೂರು ಡಿಗ್ರಿ, ರಾತ್ರಿ ಸೊನ್ನೆಗಿಂತ ಕೆಳಗೆ. ನಿಮ್ಮ ಮಕ್ಕಳ ಶಾಲೆಗೆ ಫೆಬ್ರವರಿಯಲ್ಲಿ ವಾರದ ರಜೆ ಇದ್ದರೆ ಅದೇ ಒಳ್ಳೆ ಸಮಯ.

ಕ್ರಿಸ್ಮಸ್ ಸಂತೆ ನೋಡಲೇಬೇಕು ಅನ್ನುವವರು ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ವಾರದಲ್ಲಿ, ಅದೂ ಸೋಮವಾರದಿಂದ ಗುರುವಾರದ ಒಳಗೆ ಹೋಗಿ. ವೊರೊಶ್ಮಾರ್ಟಿ ಚೌಕದಲ್ಲೂ ಸೇಂಟ್ ಸ್ಟೀಫನ್ ಬಸಿಲಿಕಾ ಮುಂದೆಯೂ ಸಂತೆ ನಡೆಯುತ್ತದೆ. ನೋಡುವುದಕ್ಕೆ ಕಾಸಿಲ್ಲ. ತಿನ್ನುವುದು ಮಾತ್ರ ಅಲ್ಲಿ ಬೇಡ. ಅದೇ ತಿಂಡಿ ಎರಡು ಬೀದಿ ಆಚೆ ತುಂಬಾ ಕಡಿಮೆಗೆ ಸಿಗುತ್ತದೆ.

ಡಿಸೆಂಬರ್ 24ಕ್ಕೆ ಅಲ್ಲಿರುತ್ತೇವೆ. ತೊಂದರೆ ಇದೆಯಾ?

ಇದೆ, ತಿಳಿದಿದ್ದರೆ ಸಂಭಾಳಿಸಬಹುದು. 24ರಂದೇ ಊರು ಬಾಗಿಲು ಹಾಕುತ್ತದೆ. ಸಂಜೆ ನಾಲ್ಕರ ಸುಮಾರಿಗೆ ಟ್ರಾಮ್, ಮೆಟ್ರೋಗಳ ಮಾಮೂಲಿ ಓಡಾಟ ನಿಂತು, ಆಮೇಲೆ ಕೆಲವೇ ಬಸ್ಸುಗಳು ಇರುತ್ತವೆ. 24, 25, 26 ಮೂರು ದಿನವೂ ಬಹುತೇಕ ಅಂಗಡಿಗಳಿಗೆ ರಜೆ. ಹಾಲು, ಮೊಸರು, ಬ್ರೆಡ್, ತರಕಾರಿ 23ಕ್ಕೇ ತಂದಿಡಿ. ಮನೆಯಿಂದ ನಡೆದು ನದಿ ದಡಕ್ಕೆ ಹೋಗುವಷ್ಟು ಹತ್ತಿರ ಕೋಣೆ ಹಿಡಿದಿದ್ದರೆ ಆ ಖಾಲಿ ಬೀದಿಗಳೂ ಚೆಂದವೇ.

ವೀಸಾ ಕಥೆ ಏನು?

ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್ ಥರದ ಷೆಂಗೆನ್ ದೇಶದ ನಿವಾಸ ಕಾರ್ಡ್ ಇದ್ದವರಿಗೆ ಬೇರೆ ವೀಸಾ ಬೇಡ. ಹಂಗೇರಿ 2007ರಿಂದ ಷೆಂಗೆನ್‌ನಲ್ಲೇ ಇದೆ. ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡನ್ನೂ ಇಟ್ಟುಕೊಳ್ಳಿ, ಮಕ್ಕಳದ್ದೂ ಸೇರಿ. ಬ್ರಿಟನ್ನಿನಲ್ಲಿರುವ ಭಾರತದ ಪಾಸ್‌ಪೋರ್ಟಿನವರಿಗೂ, ಬೆಂಗಳೂರಿಂದ ಬರುವವರಿಗೂ ಷೆಂಗೆನ್ ವೀಸಾ ಬೇಕೇ ಬೇಕು.

ಇಲ್ಲಿ ಹದಿಹರೆಯದ ಮಕ್ಕಳಿರುವವರು ಗಮನಿಸಬೇಕಾದ್ದು ಒಂದಿದೆ. 2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ. 6ರಿಂದ 12ರ ಒಳಗಿನವರಿಗೆ 45. ಅಂದರೆ 12 ತುಂಬಿದ ಮಕ್ಕಳಿಗೆ ಪೂರಾ ಶುಲ್ಕ, ಬೆರಳಚ್ಚೂ ಕೊಡಬೇಕು. ಕನಿಷ್ಠ 30,000 ಯೂರೋ ರಕ್ಷಣೆ ಇರುವ ಪ್ರವಾಸ ವಿಮೆ ಎಲ್ಲರಿಗೂ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಕೊನೆ ಪಕ್ಷ 15 ದಿನ ಮುಂಚೆ ಹಾಕಿರಬೇಕು. ಡಿಸೆಂಬರ್ ಪ್ರಯಾಣಕ್ಕೆ ಸೆಪ್ಟೆಂಬರಿನಲ್ಲೇ ಕೂತು ಕಾಗದ ಜೋಡಿಸಿ. 18 ತುಂಬದವರಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಬೇಕು. ಒಬ್ಬರೇ ಕರೆದುಕೊಂಡು ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಕೈಯಲ್ಲಿಟ್ಟುಕೊಳ್ಳಿ.

ನಾಲ್ಕು ರಾತ್ರಿಗೆ ಅಂತ ಬೆಂಗಳೂರಿಂದ ಹಾರಿ ಬರೋದು ಲಾಭವಾ?

ಇಲ್ಲ. ಅದು ಅಗ್ಗದ ಪ್ರವಾಸ ಆಗೋದಿಲ್ಲ, ನೇರವಾಗಿ ಹೇಳ್ತೀನಿ. ಕ್ರಿಸ್ಮಸ್ ರಜೆಯಲ್ಲಿ ನಾಲ್ಕು ಜನರ ವಿಮಾನ ಟಿಕೆಟ್ಟೇ ಉಳಿದೆಲ್ಲ ಖರ್ಚನ್ನು ಮೀರಿಸುತ್ತದೆ. ಫ್ರಾಂಕ್‌ಫರ್ಟಿಗೋ ಆಮ್‌ಸ್ಟರ್‌ಡ್ಯಾಮಿಗೋ ನೆಂಟರ ಮನೆಗೆ ಹೇಗೂ ಬರುವವರಿದ್ದರೆ, ಅಲ್ಲಿಂದ ನಾಲ್ಕು ದಿನ ಇಲ್ಲಿಗೆ ಬಂದು ಹೋಗಿ. ಆಗ ಲೆಕ್ಕ ಸರಿಹೋಗುತ್ತದೆ. ಒಂದು ವಿಷಯ, ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ವೀಸಾ ಅರ್ಜಿ ಹಾಕಬೇಕು.

ಕಡಿಮೆ ದರದ ವಿಮಾನದಲ್ಲಿ ಮೋಸ ಹೋಗದೆ ಬರುವುದು ಹೇಗೆ?

ವಿಜ್ ಏರ್ ಬುಡಾಪೆಸ್ಟಿನದೇ ಕಂಪನಿ. ರಯಾನ್‌ಏರ್ ಕೂಡ ಇಲ್ಲಿಗೆ ಬಹಳ ಊರುಗಳಿಂದ ಹಾರುತ್ತದೆ. ಎರಡರಲ್ಲೂ ಟಿಕೆಟ್ ದರದೊಳಗೆ ಬರುವುದು ಸೀಟಿನ ಕೆಳಗೆ ಹಿಡಿಸುವ ಒಂದು ಚೀಲ ಮಾತ್ರ, 40, 30, 20 ಸೆಂಟಿಮೀಟರ್ ಒಳಗೆ. ಚಳಿಗಾಲದ ಬಟ್ಟೆ ದಪ್ಪ, ಅದರಲ್ಲಿ ಹಿಡಿಸಲ್ಲ ಅಂತ ಹೆದರುತ್ತಾರೆ. ಜಾಕೆಟ್, ಬೂಟು ಮೈಮೇಲೇ ಇರಲಿ. ಒಬ್ಬೊಬ್ಬರಿಗೆ ಒಂದೊಂದು ಶಾಲೆ ಚೀಲ, ನಾಲ್ವರಿಗೂ ಸೇರಿ ದುಡ್ಡು ಕೊಟ್ಟು ಒಂದೇ ದೊಡ್ಡ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಟಿಕೆಟ್ ಕೊಳ್ಳುವಾಗಲೇ ಸೇರಿಸಿ. ವಿಮಾನದ ಬಾಗಿಲಲ್ಲಿ ಸೇರಿಸಿದರೆ ಅದರ ಹಲವು ಪಟ್ಟು ಕಟ್ಟಬೇಕಾಗುತ್ತದೆ.

ವಿಯೆನ್ನಾ, ಬ್ರಾಟಿಸ್ಲಾವಾ ಕಡೆಯವರು ರೈಲಿನಲ್ಲೇ ಬನ್ನಿ. ವಿಯೆನ್ನಾದಿಂದ ಎರಡೂ ಮುಕ್ಕಾಲು ಗಂಟೆ ಒಳಗೆ ತಲುಪಬಹುದು.

ವಿಮಾನ ನಿಲ್ದಾಣದಿಂದ ಊರಿಗೆ 100ಇ ಬಸ್ ನೇರ ಡೆಆಕ್ ಫೆರೆಂಟ್ಸ್ ಚೌಕಕ್ಕೆ ಬರುತ್ತದೆ. ಅದಕ್ಕೆ ಬೇರೆಯದೇ ಟಿಕೆಟ್, ಮಾಮೂಲಿ ಪಾಸ್ ನಡೆಯುವುದಿಲ್ಲ. 200ಇ ಬಸ್ ಹತ್ತಿ ಕ್ಯೊಬಾನ್ಯಾ-ಕಿಶ್‌ಪೆಶ್ಟ್‌ನಲ್ಲಿ ಇಳಿದು ಮೂರನೇ ಮೆಟ್ರೋ ಹಿಡಿದರೆ ಮಾಮೂಲಿ ಪಾಸೇ ಸಾಕು. ಸ್ವಲ್ಪ ನಿಧಾನ, ಅಷ್ಟೆ.

ಎಲ್ಲಿ ಉಳಿಯೋದು?

ನದಿಯ ಪೂರ್ವ ದಡದ ಪೆಸ್ಟ್ ಕಡೆ, 4 ಮತ್ತು 6ನೇ ನಂಬರ್ ಟ್ರಾಮ್ ಓಡುವ ದೊಡ್ಡ ವರ್ತುಲ ರಸ್ತೆಯ ಹತ್ತಿರ. ಈ ಟ್ರಾಮ್ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ, 6ನೆಯದು ರಾತ್ರಿಯಿಡೀ ಓಡುತ್ತದೆ. ನನಗೆ ಇಷ್ಟವಾದದ್ದು 13ನೇ ವಾರ್ಡಿನ ಉಯ್‌ಲಿಪೋಟ್‌ವಾರೋಶ್ ಅನ್ನುವ ಭಾಗ. ಮನೆಯವರು ವಾಸ ಮಾಡುವ ಬೀದಿಗಳು, ಗಲಾಟೆ ಇಲ್ಲ, ದಿನಸಿ ಅಂಗಡಿ ಪಕ್ಕದಲ್ಲೇ, ಮಾರ್ಗರೆಟ್ ಸೇತುವೆಗೆ ನಡೆದು ಹೋಗಬಹುದು. 7ನೇ ವಾರ್ಡಿನ ಒಳಭಾಗ ಅಗ್ಗವಾಗಿ ಕಂಡರೂ ರಾತ್ರಿ ಬಾರುಗಳ ಸದ್ದು ಜೋರು, ಅದರಲ್ಲೂ ಶುಕ್ರವಾರ ಶನಿವಾರ.

6ನೇ ವಾರ್ಡಿನಲ್ಲಿ 2026ರ ಜನವರಿಯಿಂದ ಮನೆಗಳನ್ನು ದಿನದ ಬಾಡಿಗೆಗೆ ಕೊಡುವುದನ್ನೇ ನಿಲ್ಲಿಸಿದ್ದಾರೆ. ಅಲ್ಲಿನ ನಿವಾಸಿಗಳೇ ಮತ ಹಾಕಿ ತೀರ್ಮಾನಿಸಿದ್ದು. ಹಾಗಾಗಿ ಆ ವಾರ್ಡಿನ ವಿಳಾಸದಲ್ಲಿ ಅಪಾರ್ಟ್‌ಮೆಂಟ್ ತೀರಾ ಅಗ್ಗಕ್ಕೆ ಕಂಡರೆ ದುಡ್ಡು ಕಟ್ಟಬೇಡಿ. ಹೋಟೆಲುಗಳಿಗೆ ಇದು ಅನ್ವಯಿಸುವುದಿಲ್ಲ.

ನಾಲ್ವರಿಗೆ ಎರಡು ಹೋಟೆಲ್ ಕೋಣೆಗಿಂತ ಅಡುಗೆಮನೆ ಇರುವ ಒಂದು ಅಪಾರ್ಟ್‌ಮೆಂಟ್ ವಾಸಿ. ಜನವರಿಯಲ್ಲಿ ರಾತ್ರಿಗೆ 70ರಿಂದ 110 ಯೂರೋ ಅಂತ ಅಂದಾಜು ಇಟ್ಟುಕೊಳ್ಳಿ. ಎಲ್ಲಿ ಉಳಿದರೂ ಎಲ್ಲರ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿಕೊಳ್ಳುತ್ತಾರೆ, ಮಕ್ಕಳದ್ದೂ. ಅದು ಅಲ್ಲಿನ ಕಾನೂನು, ಗಾಬರಿ ಬೇಡ.

ಯೂರೋ ನಡೆಯುತ್ತಾ? ದುಡ್ಡು ಎಲ್ಲಿ ಬದಲಿಸೋದು?

ಹಂಗೇರಿಯ ದುಡ್ಡು ಫೋರಿಂಟ್. 2025ರಲ್ಲಿ ಒಂದು ಯೂರೋಗೆ 400ರ ಆಸುಪಾಸು ಇತ್ತು, ಇವತ್ತಿನ ದರ ನೋಡಿಕೊಳ್ಳಿ. ಆ ಲೆಕ್ಕದಲ್ಲಿ ಸಾವಿರ ಫೋರಿಂಟ್ ಅಂದರೆ ಸುಮಾರು ಎರಡೂವರೆ ಯೂರೋ. ಕೆಲವು ಅಂಗಡಿಯವರು ಯೂರೋ ತೆಗೆದುಕೊಳ್ಳುತ್ತಾರೆ, ಆದರೆ ಅವರು ಹೇಳಿದ್ದೇ ದರ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಮೆಷಿನ್ ಮುಂದೆ ಯೂರೋದಲ್ಲಿ ಕೊಡ್ತೀರಾ, ಫೋರಿಂಟ್‌ನಲ್ಲಾ ಅಂತ ಕೇಳಿದರೆ ಯಾವಾಗಲೂ ಫೋರಿಂಟ್ ಒತ್ತಿ. ಯೂರೋ ಅಥವಾ ರೂಪಾಯಿ ಒತ್ತಿದರೆ ಪ್ರತಿ ಸಲವೂ ನಿಮಗೇ ನಷ್ಟ.

ನಗದು ಬೇಕಾದರೆ ಬ್ಯಾಂಕಿನ ಕಟ್ಟಡಕ್ಕೇ ಅಂಟಿಕೊಂಡಿರುವ ಎಟಿಎಂನಲ್ಲಿ ತೆಗೆಯಿರಿ. ಪ್ರವಾಸಿಗರ ಬೀದಿಗಳಲ್ಲಿ ಒಂಟಿಯಾಗಿ ನಿಂತಿರುವ ಎಟಿಎಂಗಳ ದರ ಕೆಟ್ಟದು. ವಿಮಾನ ನಿಲ್ದಾಣದ ಹಣ ಬದಲಿಸುವ ಕೌಂಟರಿನದೂ ಅದೇ ಕಥೆ. ಊಟದ ಹೋಟೆಲಿನ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದೆಯಾ ನೋಡಿ. ಸೇರಿದ್ದರೆ ಮತ್ತೆ ಟಿಪ್ಸ್ ಕೊಡಬೇಕಾಗಿಲ್ಲ.

ಊರೊಳಗೆ ಓಡಾಡಲು ಯಾವ ಪಾಸ್?

72 ಗಂಟೆಯ ಪಾಸ್ ಸರಳ. ಅದರ ಜೊತೆಗೆ 24 ಗಂಟೆಯ ಗುಂಪು ಪಾಸ್ ಅಂತಲೂ ಇದೆ, ಒಂದೇ ಪಾಸಿನಲ್ಲಿ ಐದು ಜನರವರೆಗೆ ಓಡಾಡಬಹುದು. ನಾಲ್ಕು ಐದು ಜನ ಒಟ್ಟಿಗೇ ಇರುವ ದಿನಕ್ಕೆ ಅದೇ ಅಗ್ಗ. ಮಕ್ಕಳು ಬೇರೆ ದಾರಿ ಹಿಡಿಯುವ ದಿನಕ್ಕೆ ಅವರವರ ಪಾಸ್ ಬೇಕು. 14 ತುಂಬದವರಿಗೆ ಟಿಕೆಟ್ ಇಲ್ಲ, ವಯಸ್ಸಿನ ಪುರಾವೆ ಜೇಬಿನಲ್ಲಿರಲಿ. ಬಿಡಿ ಟಿಕೆಟ್ ಕೊಂಡರೆ ಹತ್ತುವಾಗ ಮೆಷಿನ್‌ನಲ್ಲಿ ಮುದ್ರೆ ಹೊಡೆಯಲೇಬೇಕು. ಕೈಯಲ್ಲಿ ಟಿಕೆಟ್ ಇದ್ದೂ ಮುದ್ರೆ ಇಲ್ಲದಿದ್ದರೆ ದಂಡ, ಪ್ರವಾಸಿಗರು ಅಂತ ಬಿಡುವುದಿಲ್ಲ.

ಈ ಪಾಸಿನಲ್ಲೇ ಎಷ್ಟೋ ನೋಡಬಹುದು. 2ನೇ ನಂಬರ್ ಟ್ರಾಮ್ ನದಿಯ ದಡದಲ್ಲೇ ಓಡುತ್ತದೆ. ಸಂಜೆ ದೀಪ ಹತ್ತಿದ ಮೇಲೆ ನದಿ ಕಡೆಯ ಕಿಟಕಿ ಪಕ್ಕ ಕೂತು ಆ ತುದಿಯಿಂದ ಈ ತುದಿಗೆ ಹೋಗಿ ಬನ್ನಿ. ದುಬಾರಿ ದೋಣಿ ವಿಹಾರ ಬೇಕು ಅನಿಸೋದಿಲ್ಲ. ಪಾರ್ಲಿಮೆಂಟ್ ಕಟ್ಟಡ ಪೂರ್ತಿ ಕಾಣಬೇಕಾದರೆ ಎರಡನೇ ಮೆಟ್ರೋದಲ್ಲಿ ನದಿ ದಾಟಿ ಬಾಟ್ಯಾನಿ ಚೌಕದಲ್ಲಿ ಇಳಿಯಿರಿ. ಒಂದನೇ ಮೆಟ್ರೋ 1896ರದ್ದು, ಯುರೋಪಿನ ಭೂಭಾಗದಲ್ಲೇ ಮೊದಲನೆಯದು. ಪುಟ್ಟ ಹಳದಿ ಡಬ್ಬಿಗಳು, ಹೊಳೆಯುವ ಹೆಂಚಿನ ಗೋಡೆ. ನದಿಯಾಚೆಯ ಬುಡಾ ಕೋಟೆಗೆ ಹಗ್ಗದಿಂದ ಎಳೆದು ಏರಿಸುವ ಪುಟ್ಟ ರೈಲಿಗೆ ನಾಲ್ಕು ಜನ ದುಡ್ಡು ಕೊಡುವ ಬದಲು 16ನೇ ನಂಬರ್ ಬಸ್ ಹತ್ತಿ.

ಬಿಸಿನೀರಿನ ಸ್ನಾನಗೃಹಕ್ಕೆ ಮಕ್ಕಳನ್ನು ಬಿಡ್ತಾರಾ? ಖರ್ಚು ಎಷ್ಟು?

ಇದು ಎಲ್ಲರೂ ಕೇಳುವ ಪ್ರಶ್ನೆ. ಮೊದಲು ವಯಸ್ಸು ನೋಡಿ. ಹಲವು ಬಿಸಿನೀರಿನ ಸ್ನಾನಗೃಹಗಳಲ್ಲಿ 14 ತುಂಬದವರಿಗೆ ಪ್ರವೇಶ ಇಲ್ಲ. ಟಿಕೆಟ್ ಕೊಳ್ಳುವ ಮುಂಚೆ ಆ ಸ್ನಾನಗೃಹದ ನಿಯಮ ಓದಿ. ಚಿಕ್ಕವರು ಇದ್ದರೆ ಊರಿನ ಉತ್ತರಕ್ಕಿರುವ ಅಕ್ವಾವರ್ಲ್ಡ್‌ಗೆ ಹೋಗಬಹುದು. ಒಳಾಂಗಣದ ದೊಡ್ಡ ಜಲಕ್ರೀಡೆ ಜಾಗ, ಜಾರುಬಂಡೆಗಳೆಲ್ಲ ಇವೆ. ಹೆಸರಾಂತ ಗೆಲ್ಲೆರ್ಟ್ ಸ್ನಾನಗೃಹ ದುರಸ್ತಿಗಾಗಿ 2025ರ ಅಕ್ಟೋಬರಿನಿಂದ ಮುಚ್ಚಿದೆ. ಹಳೆ ಲೇಖನ ನೋಡಿ ಅಲ್ಲಿಗೆ ಹೋಗಿ ನಿಲ್ಲಬೇಡಿ.

14 ದಾಟಿದವರಿದ್ದರೆ ಸೆಚೆನ್ಯಿ. 1913ರಲ್ಲಿ ತೆರೆದದ್ದು, ಹಳದಿ ಬಣ್ಣದ ಅರಮನೆಯಂಥ ಕಟ್ಟಡ, ನಡುವೆ ತೆರೆದ ಕೊಳಗಳು. ಟಿಕೆಟ್ ದುಬಾರಿ, ಒಬ್ಬರಿಗೆ 30 ಯೂರೋ ಮೀರುತ್ತದೆ, ಶನಿವಾರ ಭಾನುವಾರ ಇನ್ನೂ ಜಾಸ್ತಿ. ಆದರೂ ಇಡೀ ಪ್ರವಾಸದಲ್ಲಿ ದೊಡ್ಡ ಖರ್ಚು ಅಂತ ಒಂದೇ ಒಂದನ್ನು ಮಾಡುವುದಾದರೆ ಇದನ್ನೇ ಮಾಡಿ. ಬಾಗಿಲು ತೆಗೆದು ಹೊರಗೆ ಕಾಲಿಟ್ಟರೆ ನೆಲ ಮಂಜಿನಷ್ಟು ತಣ್ಣಗೆ. ಹತ್ತು ಹೆಜ್ಜೆ ಓಡಬೇಕು, ಹಲ್ಲು ಕಟಕಟ ಅನ್ನುತ್ತದೆ. ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟ ಕೂಡಲೇ ಮೈ ಸಡಿಲ. ಕೂತುಕೊಳ್ಳುವ ಕೊಳದ ನೀರು 38 ಡಿಗ್ರಿ. ಹಬೆ ಎಷ್ಟಿರುತ್ತದೆ ಅಂದರೆ ಪಕ್ಕದಲ್ಲಿದ್ದ ಮಗಳ ತಲೆ ಮಾತ್ರ ಕಾಣುತ್ತದೆ. ಆ ಹಬೆಯೊಳಗೆ ಎದೆಮಟ್ಟ ನೀರಲ್ಲಿ ನಿಂತು ತಾತಂದಿರು ಚೆಸ್ ಆಡುತ್ತಿರುತ್ತಾರೆ.

ಟವೆಲ್, ರಬ್ಬರ್ ಚಪ್ಪಲಿ ಮನೆಯಿಂದಲೇ ಒಯ್ಯಿರಿ, ಅಲ್ಲಿ ಕೊಂಡರೆ ಬರೆ. ಈಜುವ ಕೊಳಕ್ಕೆ ಟೋಪಿ ಕಡ್ಡಾಯ. ಬೆಳಗ್ಗೆ ಬೇಗ ಹೋದರೆ ಜನ ಕಡಿಮೆ. ಈಜುಡುಗೆ ಹಾಕಿಕೊಳ್ಳೋಕೆ ಸಂಕೋಚ ಪಡುವ ಮಕ್ಕಳಿಗೆ ಮೊದಲೇ ಹೇಳಿ: ಅಲ್ಲಿ ಎಲ್ಲ ವಯಸ್ಸಿನವರೂ ಇರುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ. ಮೈ ಮುಚ್ಚುವ ಈಜು ಬಟ್ಟೆ ಬೇಕೆಂದರೆ ಈಜಿಗೆಂದೇ ಹೊಲಿದದ್ದು ಇರಲಿ. ಹತ್ತಿ ಟೀ ಶರ್ಟ್ ಬೇಡ.

ಮಗ ಫೋನಿನಿಂದ ತಲೆ ಎತ್ತಲ್ಲ. ಅವನಿಗೆ ಏನಿದೆ ಅಲ್ಲಿ?

ಬಹಳ ಇದೆ. ಪಿನ್‌ಬಾಲ್ ಮ್ಯೂಸಿಯಂ ಒಂದಿದೆ, ನೆಲಮಾಳಿಗೆಯಲ್ಲಿ. ನೂರಕ್ಕೂ ಹೆಚ್ಚು ಹಳೆ ಆಟದ ಮೆಷಿನ್‌ಗಳು, ಒಂದು ಟಿಕೆಟ್ ಕೊಂಡರೆ ಬೇಕಾದಷ್ಟು ಹೊತ್ತು ಎಲ್ಲವನ್ನೂ ಆಡಬಹುದು. ಮಳೆ ಬರುವ ಸಂಜೆಗೆ ಹೇಳಿ ಮಾಡಿಸಿದ ಜಾಗ. ಎಲ್ಲ ದಿನವೂ ತೆರೆದಿರುವುದಿಲ್ಲ, ಸಮಯ ನೋಡಿಕೊಂಡು ಹೋಗಿ. ಯುರೋಪಿನಲ್ಲಿ ಎಸ್ಕೇಪ್ ರೂಮ್, ಅಂದರೆ ಒಗಟು ಬಿಡಿಸಿ ಕೋಣೆಯಿಂದ ಹೊರಬರುವ ಆಟ, ಹರಡಿದ್ದು ಕೂಡ ಈ ಊರಿಂದಲೇ, 2011ರಲ್ಲಿ ಶುರುವಾಯಿತು. ಹಳೆ ಕಟ್ಟಡಗಳ ನೆಲಮಾಳಿಗೆಗಳಲ್ಲಿ ಈಗಲೂ ಬಹಳ ಇವೆ. ತಲೆಗೆ ಇಷ್ಟು ಅಂತಲ್ಲದೆ ತಂಡಕ್ಕೆ ಇಷ್ಟು ಅಂತ ದರ ಇರುವ ಕಡೆ ನಾಲ್ವರೂ ಒಟ್ಟಿಗೆ ಆಡಿದರೆ ಹಗುರ.

ರೂಬಿಕ್ ಕ್ಯೂಬ್ ತಿರುಗಿಸುವ ಮಕ್ಕಳಿದ್ದರೆ ಹೇಳಿ, ಅದನ್ನು 1974ರಲ್ಲಿ ಎರ್ನೋ ರೂಬಿಕ್ ಮಾಡಿದ್ದು ಇದೇ ಊರಿನಲ್ಲಿ. ಚೆಸ್ ಆಡುವವರಿಗಂತೂ ಈ ಊರು ಹತ್ತಿರದ್ದು. 2024ರ ಸೆಪ್ಟೆಂಬರಿನಲ್ಲಿ ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ಚೆಸ್ ಒಲಿಂಪಿಯಾಡ್ ಚಿನ್ನ ಗೆದ್ದದ್ದು ಬುಡಾಪೆಸ್ಟಿನಲ್ಲೇ.

ನನಗೆ ತುಂಬಾ ಮನಸ್ಸಿಗೆ ಹಿಡಿಸಿದ್ದು ಮಕ್ಕಳ ರೈಲು. ಬುಡಾ ಬೆಟ್ಟಗಳ ಕಾಡಿನಲ್ಲಿ 11 ಕಿಲೋಮೀಟರ್ ಓಡುವ ಸಣ್ಣ ಹಳಿಯ ರೈಲು ಇದು. ಎಂಜಿನ್ ಓಡಿಸುವವರು ದೊಡ್ಡವರು. ಟಿಕೆಟ್ ಕೊಡುವುದು, ಸಿಗ್ನಲ್ ನೋಡುವುದು, ರೈಲಿಗೆ ಕೈ ತೋರಿಸಿ ಬೀಳ್ಕೊಡುವುದು ಎಲ್ಲ 10ರಿಂದ 14 ವರ್ಷದ ಶಾಲೆ ಮಕ್ಕಳು. ಸಮವಸ್ತ್ರ ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು, ರೈಲು ಹೊರಡುವಾಗ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಾರೆ. ತನ್ನ ವಯಸ್ಸಿನ ಹುಡುಗಿಯೊಬ್ಬಳು ಇಷ್ಟು ಗಂಭೀರವಾಗಿ ಕೆಲಸ ಮಾಡುವುದನ್ನು ನೋಡಿ ಫೋನು ಜೇಬಿಗೆ ಹೋಗುತ್ತದೆ. ಸೆಲ್ ಕಾಲ್ಮಾನ್ ಚೌಕದಿಂದ 61ನೇ ಟ್ರಾಮ್ ಹಿಡಿದು ಹ್ಯೂವೊಶ್‌ವ್ಯೊಲ್ಜ್‌ನಲ್ಲಿ ಇಳಿದರೆ ಒಂದು ತುದಿ ಸಿಗುತ್ತದೆ. ಚಳಿಗಾಲದಲ್ಲಿ ಸೋಮವಾರ ಓಡುವುದಿಲ್ಲ. ನಡುವೆ ಇಳಿದು ಯಾನೋಶ್ ಬೆಟ್ಟದ ಗೋಪುರ ಹತ್ತಬಹುದು. 527 ಮೀಟರ್, ಊರಿನ ಅತಿ ಎತ್ತರದ ಜಾಗ. ಕೆಳಗೆ ಮಳೆ ಇದ್ದಾಗಲೂ ಕೆಲವೊಮ್ಮೆ ಮೇಲೆ ಹಿಮ ಇರುತ್ತದೆ.

ಸ್ಕೇಟಿಂಗ್‌ಗೆ ವಾರೋಶ್‌ಲಿಗೆಟ್ ಉದ್ಯಾನದ ಅಂಗಳ. ಅಲ್ಲಿ 1870ರಿಂದ ಸ್ಕೇಟಿಂಗ್ ನಡೆಯುತ್ತಿದೆ. ಸ್ಕೇಟ್ ಬಾಡಿಗೆಗೆ ಸಿಗುತ್ತದೆ. ವಾರದ ದಿನ ಹೋಗಿ. ಸೆಚೆನ್ಯಿ ಸ್ನಾನಗೃಹವೂ ಅದೇ ಉದ್ಯಾನದಲ್ಲಿದೆ. ಅಲ್ಲೇ ಜನಾಂಗ ವಸ್ತುಸಂಗ್ರಹಾಲಯದ ಹೊಸ ಕಟ್ಟಡ ಇದೆ. ಅದರ ಇಳಿಜಾರು ಛಾವಣಿಯೇ ಒಂದು ಹುಲ್ಲಿನ ದಿಬ್ಬ, ಹತ್ತಿ ಓಡಾಡೋಕೆ ಕಾಸಿಲ್ಲ. ಬೆಳಗ್ಗೆ ಸ್ಕೇಟಿಂಗ್, ಮಧ್ಯಾಹ್ನ ಬಿಸಿನೀರು ಅಂತ ಒಂದೇ ದಿನಕ್ಕೆ ಹಾಕಿಕೊಳ್ಳಿ. ಉಲ್ಟಾ ಮಾಡಬೇಡಿ, ಒದ್ದೆ ಕೂದಲಲ್ಲಿ ಮಂಜಿನ ಮೇಲೆ ನಿಲ್ಲಬಾರದು.

ಮಕ್ಕಳು ಎಲ್ಲದಕ್ಕೂ ಟಿಕೆಟ್ ಕೇಳ್ತಾರೆ. ಹೇಗೆ ಕಡಿವಾಣ ಹಾಕೋದು?

ಕಡಿವಾಣ ಹಾಕಬೇಡಿ, ದುಡ್ಡನ್ನೇ ಅವರ ಕೈಗೆ ಕೊಡಿ. ನನ್ನ ಪ್ರಕಾರ ಈ ಪ್ರವಾಸ ಅಗ್ಗ ಆಗುವುದೂ ಚೆನ್ನಾಗಾಗುವುದೂ ಇದೊಂದರಿಂದಲೇ. ಹೊರಡುವ ಮುಂಚೆ ಎಲ್ಲರೂ ಕೂತು ಒಟ್ಟು ಎಷ್ಟು ಖರ್ಚು ಮಾಡಬಹುದು ಅಂತ ಮಕ್ಕಳಿಗೆ ನಿಜವಾದ ಅಂಕಿ ಹೇಳಿ. ಹದಿನೈದು ವರ್ಷದವರಿಗೆ ಮನೆಯ ದುಡ್ಡಿನ ವಿಷಯ ಮುಚ್ಚಿಡುವ ಅಗತ್ಯ ಇಲ್ಲ. ವಿಮಾನ, ಕೋಣೆ, ಊಟ, ಪಾಸ್ ಕಳೆದ ಮೇಲೆ ಉಳಿದದ್ದನ್ನು ಪ್ರವೇಶ ಟಿಕೆಟ್‌ಗಳಿಗೆ ಅಂತ ತೆಗೆದಿಡಿ. ಒಬ್ಬೊಬ್ಬರು ಒಂದೊಂದು ಆರಿಸಲಿ, ಅದರ ದರ, ಸಮಯ, ದಾರಿ ಅವರೇ ಹುಡುಕಲಿ. ಆರಿಸಿದವರು ಆ ದಿನ ಎಲ್ಲರನ್ನೂ ಕರೆದೊಯ್ಯಲಿ. ಅಮ್ಮ ಹೇಳಿದಾಗ ದುಬಾರಿ ಅನಿಸದ್ದು ತಾವೇ ಲೆಕ್ಕ ಹಾಕುವಾಗ ದುಬಾರಿ ಅನಿಸುತ್ತದೆ. "ಪಾರ್ಲಿಮೆಂಟ್ ಒಳಗೆ ಹೋಗೋದು ಬೇಡ, ಹೊರಗಿಂದ ಸಾಕು, ಆ ದುಡ್ಡಲ್ಲಿ ಎಸ್ಕೇಪ್ ರೂಮ್" ಅಂತ ಅವರಾಗಿಯೇ ಹೇಳಿದರೆ ಒಪ್ಪಿಕೊಳ್ಳಿ. ಅಂದ ಹಾಗೆ ಪಾರ್ಲಿಮೆಂಟ್ ಒಳಗೆ ಯುರೋಪಿಯನ್ ಒಕ್ಕೂಟದ ಪಾಸ್‌ಪೋರ್ಟಿನವರಿಗೆ ಒಂದು ದರ, ನಮ್ಮಂಥ ಹೊರಗಿನವರಿಗೆ ಅದಕ್ಕಿಂತ ಜಾಸ್ತಿ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಶಾಲೆ ಗುರುತಿನ ಚೀಟಿ ತನ್ನಿ.

ಅವರನ್ನು ಅವರಷ್ಟಕ್ಕೆ ಓಡಾಡಲು ಬಿಡಬಹುದಾ?

ಹದಿನೈದು ದಾಟಿದ ಇಬ್ಬರು ಒಟ್ಟಿಗೆ ಇದ್ದರೆ ಹಗಲಿನಲ್ಲಿ ಬಿಡಬಹುದು. ಪಾಸ್‌ಪೋರ್ಟ್ ಪ್ರತಿ, ಕೋಣೆಯ ವಿಳಾಸ, ಸ್ವಲ್ಪ ಫೋರಿಂಟ್ ಜೇಬಿನಲ್ಲಿರಲಿ. ಭೇಟಿಯಾಗುವ ಜಾಗ ಡೆಆಕ್ ಚೌಕ ಅಂತಿಟ್ಟುಕೊಳ್ಳಿ, ಮೂರು ಮೆಟ್ರೋ ಅಲ್ಲಿ ಸೇರುತ್ತವೆ. ತುರ್ತಿಗೆ 112. ಒಕ್ಕೂಟದ ಯಾವ ದೇಶದ ಸಿಮ್ ಇದ್ದರೂ ರೋಮಿಂಗ್‌ಗೆ ಬೇರೆ ದುಡ್ಡಿಲ್ಲ. ಊರಿಂದ ಬರುವವರು ಇ-ಸಿಮ್ ಹಾಕಿಸಿಕೊಳ್ಳಿ. ಕತ್ತಲಾದ ಮೇಲೆ 7ನೇ ವಾರ್ಡಿನ ಬಾರುಗಳ ಬೀದಿಗೆ ಮಾತ್ರ ಒಂಟಿಯಾಗಿ ಬೇಡ. ಅಲ್ಲಿನ ಸಿಂಪ್ಲಾ ಕೆರ್ಟ್ ಅನ್ನುವ ಪಾಳುಮನೆ ಬಾರನ್ನು ನೋಡುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಭಾನುವಾರ ಬೆಳಗ್ಗೆ ಕರೆದುಕೊಂಡು ಹೋಗಿ. ಆಗ ಅಲ್ಲಿ ರೈತರ ಸಂತೆ ನಡೆಯುತ್ತದೆ, ಜೇನು, ಬ್ರೆಡ್, ಜಾಮ್ ಕೊಳ್ಳಬಹುದು.

ಯುದ್ಧ, ಹತ್ಯಾಕಾಂಡದ ಜಾಗಗಳಿಗೆ ಕರೆದೊಯ್ಯಬೇಕಾ?

ಕರೆದೊಯ್ಯಿರಿ. ಈ ವಯಸ್ಸಿಗೆ ಅರ್ಥವಾಗುತ್ತದೆ. ಪಾರ್ಲಿಮೆಂಟ್ ಹತ್ತಿರ ನದಿಯ ಅಂಚಿನಲ್ಲಿ ಕಬ್ಬಿಣದ 60 ಜೊತೆ ಚಪ್ಪಲಿ, ಬೂಟುಗಳಿವೆ. 1944-45ರ ಚಳಿಗಾಲದಲ್ಲಿ ಹಿಟ್ಲರನ ಪರವಿದ್ದ ಹಂಗೇರಿಯ ಆರೋ ಕ್ರಾಸ್ ಪಕ್ಷದ ಬಂಟರು ಯಹೂದಿಗಳನ್ನು ಇಲ್ಲಿ ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡಿಟ್ಟು ನದಿಗೆ ತಳ್ಳಿದರು. ಅವರ ನೆನಪಿಗೆ 2005ರಲ್ಲಿ ಮಾಡಿದ್ದು. ಸಾಲಿನಲ್ಲಿ ಮಕ್ಕಳ ಪುಟ್ಟ ಬೂಟುಗಳೂ ಇವೆ. ಏನಾಯಿತು ಅಂತ ಹೋಗುವ ಮುಂಚೆಯೇ ಎರಡು ಮಾತು ಹೇಳಿ, ಅಲ್ಲಿ ನಿಂತು ಪಾಠ ಬೇಡ. ಕಮ್ಯುನಿಸ್ಟ್ ಕಾಲದ ಬಗ್ಗೆ ಆಸಕ್ತಿ ಇದ್ದರೆ ಬುಡಾ ಕೋಟೆಯ ಕೆಳಗಿನ ಬಂಡೆ ಆಸ್ಪತ್ರೆ ನೋಡಬಹುದು. ಯುದ್ಧದಲ್ಲಿ ಆಸ್ಪತ್ರೆ, ಆಮೇಲೆ ಅಣುಬಾಂಬಿನ ಹೆದರಿಕೆಗೆ ಅಡಗುತಾಣ. ಟಿಕೆಟ್ ಅಗ್ಗವಲ್ಲ, ಆದರೆ ಹುಡುಗರು ಬಾಯಿ ಬಿಟ್ಟು ನೋಡುತ್ತಾರೆ.

ನಾವು ಸಸ್ಯಾಹಾರಿಗಳು. ಬದುಕೋದು ಹೇಗೆ?

ಬೆಳಗ್ಗೆ, ರಾತ್ರಿ ಅಪಾರ್ಟ್‌ಮೆಂಟಿನಲ್ಲೇ ಅಡುಗೆ. ಲಿಡ್ಲ್, ಸ್ಪಾರ್, ಆಲ್ಡಿ ಎಲ್ಲ ಇವೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ತನ್ನಿ. ಭಾರತದಿಂದ ನೇರ ಬರುವವರು ತುಪ್ಪ, ಪೇಡೆ ಥರದ ಹಾಲಿನ ಪದಾರ್ಥ ತರಬೇಡಿ, ಒಕ್ಕೂಟದೊಳಗೆ ಬಿಡುವುದಿಲ್ಲ.

ಹೊರಗೆ ತಿನ್ನಲು ಲಾಂಗೋಶ್ ಇದ್ದೇ ಇದೆ. ಹಿಟ್ಟನ್ನು ಕೈಯಲ್ಲೇ ಎಳೆದು ತಟ್ಟೆಯಗಲ ಮಾಡಿ ಎಣ್ಣೆಗೆ ಬಿಡುತ್ತಾರೆ. ಉಬ್ಬಿ ಕೆಂಪಗಾದ ಮೇಲೆ ತೆಗೆದು, ಬೆಳ್ಳುಳ್ಳಿ ನೀರು ಬ್ರಷ್ಷಿನಲ್ಲಿ ಸವರಿ, ಹುಳಿ ಕೆನೆ ಹರಡಿ, ಮೇಲೆ ಕೈತುಂಬ ತುರಿದ ಚೀಸ್. ಒಂದು ತಿಂದರೆ ಮಧ್ಯಾಹ್ನದ ಊಟ ಮುಗಿಯಿತು. ಕರಿಯುವ ಎಣ್ಣೆ ಯಾವುದು ಅಂತ ಕೇಳಿ, ಕೆಲವು ಕಡೆ ಹಂದಿ ಕೊಬ್ಬು ಬಳಸುತ್ತಾರೆ. ಅದಕ್ಕೆ "ಝೀರ್" ಅಂತಾರೆ. ಮಾಂಸ ಬೇಡ ಅನ್ನಲು "ಹೂಶ್ ನೇಲ್ಕ್ಯುಲ್". ಫಲಕದಲ್ಲಿ ಚಿರ್ಕೆ ಅಂದರೆ ಕೋಳಿ, ಶೆರ್ತೇಶ್ ಅಂದರೆ ಹಂದಿ, ಮಾರ್ಹಾ ಅಂದರೆ ದನ. ಗುಲಾಶ್ ಸಾರು ಮಾಂಸದ್ದೇ. ಕರಿದ ಚೀಸ್, ಅಣಬೆ ಎಲ್ಲ ಹೋಟೆಲಲ್ಲೂ ಸಿಗುತ್ತದೆ. ಚಿಮಣಿಯಾಕಾರದ ಸಿಹಿ ಬ್ರೆಡ್ ಕ್ಯುರ್ತೋಶ್‌ಕಲಾಚ್ ಮಕ್ಕಳಿಗೆ ಇಷ್ಟ, ಅದರಲ್ಲಿ ಮೊಟ್ಟೆ ಇರುತ್ತದೆ. ಅಂಗಡಿಯ ಫ್ರಿಜ್ಜಿನಲ್ಲಿ ತೂರೋ ರೂಡಿ ಹುಡುಕಿ. ಚಾಕೊಲೇಟ್ ಹೊದ್ದ ಮೊಸರುಗಿಣ್ಣಿನ ಕಡ್ಡಿ, ಚಿಲ್ಲರೆಗೆ ಸಿಗುತ್ತದೆ.

ವಾರದ ದಿನ ಮಧ್ಯಾಹ್ನ ಬಹಳ ಹೋಟೆಲುಗಳಲ್ಲಿ ದಿನದ ಊಟ ಅಂತ ಇರುತ್ತದೆ, ಸಾರು ಮತ್ತೊಂದು ಐಟಂ. ರಾತ್ರಿ ಅದೇ ಹೋಟೆಲಿಗೆ ಹೋದರೆ ಒಂದೂವರೆ ಪಟ್ಟು ಖರ್ಚು.

ಬಟ್ಟೆಗೆ ಎಷ್ಟು ಖರ್ಚು ಮಾಡಬೇಕು?

ದುಬಾರಿ ಜಾಕೆಟ್ ಬೇಡ. ಒಳಗೆ ಥರ್ಮಲ್, ನಡುವೆ ಸ್ವೆಟರ್, ಮೇಲೆ ಗಾಳಿ ತಡೆಯುವುದು ಒಂದು. ಖರ್ಚು ಮಾಡುವುದಾದರೆ ಬೂಟಿಗೆ ಮಾಡಿ. ಕಾಲು ಒದ್ದೆಯಾದರೆ ಆ ದಿನವೇ ಹಾಳು. ಕ್ಯಾನ್ವಾಸ್ ಶೂ ಹಾಕ್ತೀನಿ ಅಂತ ಹಟ ಮಾಡುವ ಮಕ್ಕಳಿಗೂ ಇದನ್ನು ಬಿಡಬೇಡಿ.

ಒಟ್ಟು ಎಷ್ಟಾಗುತ್ತೆ, ಒಂದು ಅಂದಾಜು ಹೇಳಿ.

ನಾಲ್ವರು, ನಾಲ್ಕು ರಾತ್ರಿ, ಜನವರಿ, ಪ್ರಯಾಣ ಬಿಟ್ಟು. ಕೋಣೆಗೆ 360 ಯೂರೋ. ಪಾಸ್‌ಗಳಿಗೆ 60ರಿಂದ 70. ಒಂದು ಹೊತ್ತು ಹೊರಗೆ, ಉಳಿದದ್ದು ಮನೆಯಲ್ಲಿ ಅಂದರೆ ಊಟಕ್ಕೆ ದಿನಕ್ಕೆ 60. ಸೆಚೆನ್ಯಿಗೆ 130-140. ಸ್ಕೇಟಿಂಗ್, ಮಕ್ಕಳು ಆರಿಸಿದ ಎರಡು ಟಿಕೆಟ್‌ಗೆ 150. ಸಾವಿರ ಯೂರೋ ಒಳಗೆ ಮುಗಿಯುತ್ತದೆ. ಇದರಲ್ಲಿ ಕಡಿಮೆ ಮಾಡಬೇಕಾದರೆ ಸೆಚೆನ್ಯಿ ಬದಲು ಬೇರೆ ಸ್ನಾನಗೃಹ ನೋಡಿ, ಊಟ ಕಡಿತ ಬೇಡ. ಬೆಳೆಯುವ ಮಕ್ಕಳು, ಚಳಿಯಲ್ಲಿ ಹಸಿವು ಜಾಸ್ತಿ.

ಬುಡಾಪೆಸ್ಟ್ ಟಿಕೆಟ್ ಸಿಗಲಿಲ್ಲ. ಬದಲಿಗೆ ಎಲ್ಲಿ?

ಪೋಲೆಂಡಿನ ಕ್ರಾಕೋವ್. ಖರ್ಚು ಹೆಚ್ಚು ಕಡಿಮೆ ಇಷ್ಟೇ. ಹತ್ತಿರದ ವಿಯೆಲಿಚ್ಕಾ ಉಪ್ಪಿನ ಗಣಿ ಮಕ್ಕಳಿಗೆ ಹಿಡಿಸುತ್ತದೆ, ನೆಲದಡಿ ಹೊರಗಿಗಿಂತ ಬೆಚ್ಚಗೂ ಇರುತ್ತದೆ. ನಾಜಿಗಳು ಯಹೂದಿಗಳನ್ನು ಕೊಂದ ಶಿಬಿರ ಆಶ್‌ವಿಟ್ಸ್ ಕ್ರಾಕೋವ್‌ನಿಂದ ಒಂದೂವರೆ ಗಂಟೆ ದಾರಿ, ಈಗ ಸ್ಮಾರಕ. 14 ತುಂಬದವರಿಗೆ ಬೇಡ ಅಂತ ಆ ಸ್ಮಾರಕದವರೇ ಸಲಹೆ ಕೊಡುತ್ತಾರೆ, ಮುಂಚೆಯೇ ಹೆಸರು ಕೊಟ್ಟು ಕಾಯ್ದಿರಿಸಬೇಕು.

ವಿಯೆನ್ನಾದಲ್ಲಿ ಕೋಣೆ ದುಬಾರಿ. ಆದರೆ ಅಲ್ಲಿನ ಕಲಾ ಇತಿಹಾಸ ಸಂಗ್ರಹಾಲಯ, ಪ್ರಕೃತಿ ಇತಿಹಾಸ ಸಂಗ್ರಹಾಲಯ, ಬೆಲ್ವೆಡೆರೆ ಮೂರಕ್ಕೂ 19 ತುಂಬದವರಿಗೆ ಪ್ರವೇಶ ಉಚಿತ, ಯಾವ ದೇಶದವರಾದರೂ ಸರಿ. ಮ್ಯೂಸಿಯಂ ಇಷ್ಟಪಡುವ ಮಕ್ಕಳಿದ್ದರೆ ಆ ಉಳಿತಾಯ ಕೋಣೆಯ ಬಾಡಿಗೆಯನ್ನು ಸ್ವಲ್ಪ ಸರಿದೂಗಿಸುತ್ತದೆ. ಪ್ರಕೃತಿ ಸಂಗ್ರಹಾಲಯ ಸಾಮಾನ್ಯವಾಗಿ ಮಂಗಳವಾರ ಮುಚ್ಚಿರುತ್ತದೆ, ದಿನ ನೋಡಿಕೊಂಡು ಹೋಗಿ.